ಇಳಕಲ್ ಸೀರೆ ಮಾರಲು ಖಾಸಗಿ ತಾಣವೋ, ಒಎನ್‌ಡಿಸಿಯೋ?

ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಗಿರಾಕಿ ಈಗಾಗಲೇ ನೆರೆದಿದ್ದಾರೆ. ಆದರೆ ಯಾರ ಸೀರೆ ಮೇಲೆ ಕಾಣಬೇಕು ಅನ್ನೋದು ಕಂಪನಿಯ ಕೈಯಲ್ಲಿ.

2021ರಲ್ಲಿ ಕೇಂದ್ರದ ಬೆಂಬಲದಿಂದ ಹುಟ್ಟಿದ ಒಎನ್‌ಡಿಸಿ (ಓಪನ್ ನೆಟ್‌ವರ್ಕ್ ಫಾರ್ ಡಿಜಿಟಲ್ ಕಾಮರ್ಸ್) ಆನ್‌ಲೈನ್ ಮಾರಾಟದ ಒಂದು ಮುಕ್ತ ಜಾಲ. ಒಂದು ಆ್ಯಪ್‌ನಲ್ಲಿ ಹಾಕಿದ ಸೀರೆ ಇನ್ನೊಂದು ಆ್ಯಪ್‌ನ ಗಿರಾಕಿಗೂ ಸಿಗಬಲ್ಲದು. ಜಿಐ ಮನ್ನಣೆ (ಊರಿನ ಹೆಸರಿನ ಸರಕಿಗೆ ಸಿಗುವ ಭೌಗೋಳಿಕ ಗುರುತು) ಪಡೆದ ಇಳಕಲ್ ಸೀರೆಯ ನೇಕಾರ ಒಂದೇ ಕಂಪನಿಗೆ ಕಟ್ಟುಬೀಳಬಾರದು. ಹಾಗಾಗಿ ನನ್ನ ಒಲವು ಒಎನ್‌ಡಿಸಿ ಕಡೆಗೇ.

ತೊಡಕು ಎರಡರಲ್ಲೂ ಒಂದೇ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರಿಗೆ ಅಕ್ಟೋಬರ್ 2023ರಿಂದ ಆನ್‌ಲೈನ್ ಮಾರಾಟಕ್ಕೆ ಅವಕಾಶವಿದೆ, ಅದೂ ರಾಜ್ಯದೊಳಗೆ ಮಾತ್ರ. ಬೆಂಗಳೂರಿಗೆ ಕಳಿಸಬಹುದು, ಹತ್ತಿರದ ಮಹಾರಾಷ್ಟ್ರದ ಸೊಲ್ಲಾಪುರಕ್ಕಿಲ್ಲ! ಇಳಕಲ್ ಸೀರೆ ಉಡುವ ಮರಾಠಿ ಹೆಣ್ಣುಮಕ್ಕಳೆಷ್ಟು ಜನ! ದೇಶಕ್ಕೊಂದು ಡಿಜಿಟಲ್ ಆರ್ಥಿಕ ನೀತಿ ಬೇಕು ಅನ್ನೋದು ಇದಕ್ಕೇ. ಗಡಿಯಾಚೆ ಮಾರುವ ಮನಸ್ಸಿದ್ದರೆ ಮೊದಲು ನೋಂದಣಿ ಮಾಡಿಸಿ, ತಾಣ ಆಮೇಲೆ ಆರಿಸಿ.