ಮರಿಸಾ-ಟ್ರೈ: ಪೈಥಾನ್ ಡಿಕ್ಟ್ ರ‍್ಯಾಮ್ ನುಂಗುತ್ತಿದ್ದರೆ

ಹತ್ತು ಲಕ್ಷ ಕನ್ನಡ ಪದಗಳನ್ನು ಅವುಗಳ ಎಣಿಕೆಯೊಂದಿಗೆ ಡಿಕ್ಟ್‌ಗೆ (ಕೀ-ಮೌಲ್ಯ ಜೋಡಿಗಳ ಕೋಷ್ಟಕ; ಇಲ್ಲಿ ಪದವೇ ಕೀ) ತುಂಬಿ, ಗಾತ್ರ ಹೇಳುವ ಗೆಟ್‌ಸೈಜ್‌ಆಫ್ ಕೇಳಿದರೆ ಪೈಥಾನ್ 3.12 ಸುಮಾರು 30 ಎಂಬಿ ಎನ್ನುತ್ತದೆ. ನಂಬಬೇಡಿ, ಅದು ಬರೀ ಕೋಷ್ಟಕದ ಲೆಕ್ಕ. ಪ್ರತಿ ಕನ್ನಡ ಸ್ಟ್ರಿಂಗ್‌ಗೆ 58 ಬೈಟ್ ಹೊರೆ, ಜೊತೆಗೆ ಒಂದೊಂದು ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಪ್ರತಿ ಚಿಹ್ನೆಗೆ ಕೊಡುವ ಸಂಖ್ಯೆ) 2 ಬೈಟ್. ಪದಕ್ಕೆ ಸರಾಸರಿ ಹತ್ತು ಕೋಡ್‌ಪಾಯಿಂಟ್ ಎಂದರೂ ಒಟ್ಟು ನೂರು ಎಂಬಿ ದಾಟುತ್ತದೆ. 256ರವರೆಗಿನ ಪೂರ್ಣಾಂಕಗಳನ್ನು ಪೈಥಾನ್ ಮರುಬಳಸುವುದರಿಂದ ಎಣಿಕೆಗಳ ಖರ್ಚು ಕಡಿಮೆ, ತಿನ್ನುವುದು ಕೀಗಳೇ.

ಪೈಥಾನ್ ಲೈಬ್ರರಿ ಮರಿಸಾ-ಟ್ರೈ ಕೈಹಾಕುವುದೂ ಅಲ್ಲಿಗೇ. ಟ್ರೈ ಎಂದರೆ ಪದಗಳನ್ನು ಕವಲು ಕವಲಾಗಿ ಜೋಡಿಸಿಡುವ ಮರದಂಥ ರಚನೆ. 'ಮನೆ, ಮನೆಯ, ಮನೆಯಲ್ಲಿ' ಇವುಗಳ ಸಮಾನ ಮೊದಲ ಭಾಗವನ್ನು ಒಮ್ಮೆ ಮಾತ್ರ ಇಡುತ್ತದೆ. ಉಳಿದ ಬಾಲಗಳನ್ನು ಮತ್ತೊಂದು ಟ್ರೈಗೆ ಹಾಕುವುದರಿಂದ '-ಗಳಲ್ಲಿ', '-ಗಳಿಂದ' ಥರದವೂ ಹಂಚಿಕೆಯಾಗುತ್ತವೆ. ಪ್ರತ್ಯಯ ಪೋಣಿಸುವ ಕನ್ನಡಕ್ಕೆ ಇದು ಹೇಳಿ ಮಾಡಿಸಿದ್ದು. ಉಳಿತಾಯ 50–100 ಪಟ್ಟಿನವರೆಗೆ ಎಂದು ಕೈಪಿಡಿ ಹೇಳುತ್ತದೆ. ಆ 'ವರೆಗೆ' ಮರೆಯಬೇಡಿ.

ಎಣಿಕೆ ಇಡಲು ಅದರಲ್ಲೇ ರೆಕಾರ್ಡ್‌ಟ್ರೈ ಎಂಬ ಬಗೆಯಿದೆ, ಆದರೆ ನಮ್ಮ ಶಿಫಾರಸು ಅದಲ್ಲ. ಅದು ಮೌಲ್ಯವನ್ನು ಕೀಯ ಬಾಲಕ್ಕೇ ಅಂಟಿಸುತ್ತದೆ, ಮೌಲ್ಯಗಳು ಬೇರೆಬೇರೆಯಾದಷ್ಟೂ ಹಂಚಿಕೆ ಕೆಡುತ್ತದೆ. ಒಂದೇ ಮೌಲ್ಯವಿದ್ದರೂ ಪಟ್ಟಿಯನ್ನೇ ಕೊಡುವ ಕಿರಿಕಿರಿ ಬೇರೆ. ಸಾದಾ ಟ್ರೈ ಪ್ರತಿ ಪದಕ್ಕೆ 0ಯಿಂದ ಶುರುವಾಗುವ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನೇ ಸೂಚಿಯಾಗಿಸಿ ಎಣಿಕೆಗಳನ್ನು 'ಐ' ಮಾದರಿಯ (ಒಂದೊಂದಕ್ಕೆ 4 ಬೈಟ್) ಅರೇಯಲ್ಲಿಡಿ. ಹತ್ತು ಲಕ್ಷಕ್ಕೆ 4 ಎಂಬಿ. ಟ್ರೈ ಮರುಕಟ್ಟಿದರೆ ಸಂಖ್ಯೆಗಳು ಬದಲಾಗಬಹುದು. ಹಳೆಯ ಅರೇ ಉಳಿಸಿಕೊಂಡರೆ ದೋಷವೇನೂ ಕಾಣದು, ಉತ್ತರ ಮಾತ್ರ ತಪ್ಪಿರುತ್ತದೆ.

ಕಟ್ಟುವಾಗ ಎಲ್ಲ ಕೀಗಳೂ ಒಮ್ಮೆ ರ‍್ಯಾಮಿಗೆ ಬರಲೇಬೇಕು. ಹಾಗಾಗಿ ಬೇರೆ ಪ್ರೋಸೆಸ್‌ನಲ್ಲಿ ಕಟ್ಟಿ, ಸೇವ್ ಮಾಡಿ, ಸರ್ವರ್‌ನಲ್ಲಿ ಎಂಮ್ಯಾಪ್‌ನಿಂದ (ಫೈಲನ್ನು ನೇರವಾಗಿ ಮೆಮೊರಿಗೆ ಜೋಡಿಸುವ ವಿಧಾನ) ತೆರೆಯಿರಿ. ಎಂಟು ವರ್ಕರ್ ಪ್ರೋಸೆಸ್‌ಗಳಿದ್ದರೂ ಫೈಲಿನ ಪುಟಗಳು ಒಂದೇ ಪ್ರತಿ. ಡಿಕ್ಟ್ ಇಟ್ಟು ಫೋರ್ಕ್ ಮಾಡಿದರೆ (ಪ್ರೋಸೆಸ್ಸನ್ನೇ ಕವಲೊಡೆಸಿದರೆ) ಈ ಲಾಭವಿಲ್ಲ: ಓದಿದರೂ ವಸ್ತುವಿಗೆ ಎಷ್ಟು ಕಡೆಯಿಂದ ಕೊಂಡಿಯಿದೆ ಎಂಬ ರೆಫರೆನ್ಸ್ ಎಣಿಕೆ ಬದಲಾಗಿ ಪುಟಗಳು ನಕಲಾಗುತ್ತವೆ.

ಕನ್ನಡಕ್ಕೇ ಅಂಟಿದ ತೊಡಕೊಂದಿದೆ. 'ೋ' ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ಮೂರಾಗಿ ಒಡೆದೂ ಬರಬಹುದು. ಕಟ್ಟುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಒಗ್ಗೂಡಿಸಿದ ರೂಪ) ತನ್ನಿ, ಇಲ್ಲವಾದರೆ ಇರುವ ಪದಕ್ಕೂ 'ಕೀ ಇಲ್ಲ' ಎನ್ನುವ ಕೀಎರರ್. ಅಕ್ಷರಗಳ ನಡುವಿನ ಕಾಣದ ಜೋಡಕ, ಬೇರ್ಪಡಕ ಚಿಹ್ನೆಗಳಿಗೆ ಎನ್‌ಎಫ್‌ಸಿ ಸಾಲದು, ನೀವೇ ನಿಯಮ ಮಾಡಿಕೊಳ್ಳಬೇಕು.

ಹುಡುಕಾಟ ಡಿಕ್ಟ್‌ಗಿಂತ ನಿಧಾನ, ಆದರೆ 'ಮನೆ'ಯಿಂದ ಶುರುವಾಗುವುದೆಲ್ಲ ಕೊಡು ಎಂದರೆ ಕೊಡುತ್ತದೆ. ಕಟ್ಟಿದ ಮೇಲೆ ಒಂದು ಪದವನ್ನೂ ಸೇರಿಸಲಾಗದು. ದತ್ತಾಂಶ ದಿನವಿಡೀ ಬದಲಾಗುತ್ತಿದ್ದರೆ, ಅಥವಾ ಕೀಗಳು ಯುಯುಐಡಿಯಂತೆ (ಉದ್ದನೆಯ ಗುರುತು ಸಂಖ್ಯೆ) ಗೊತ್ತುಗುರಿಯಿಲ್ಲದವಾದರೆ ಎಲ್‌ಎಂಡಿಬಿ ಇಲ್ಲವೇ ಎಸ್‌ಕ್ಯೂಲೈಟ್‌ನಂಥ ಡೇಟಾಬೇಸ್ ನೋಡಿ.