ಬೇಸಿಗೆ ಇಂಟರ್ನ್‌ಶಿಪ್: ಕಂಪನಿಯ ಹೆಸರಿಗಿಂತ ಮೊದಲು ಪ್ರಾಜೆಕ್ಟ್ ಬ್ರೀಫ್ ನೋಡಿ

ದಿನಬಳಕೆಯ ಸರಕು ತಯಾರಿಸುವ ದೊಡ್ಡ ಕಂಪನಿಯಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಮಾಡಬೇಕೆಂಬುದು ಮ್ಯಾನೇಜ್‌ಮೆಂಟ್ ಓದುವ ಎಷ್ಟೋ ಮಂದಿಯ ಕನಸು. ಇದನ್ನು ಒಂದು ಸೇವೆಯೆಂದು ಭಾವಿಸಿ ಅಳೆದು ನೋಡಲು ಹೊರಟರೆ ಮೊದಲು ಗಮನಕ್ಕೆ ಬರುವುದು ಅವಧಿ. ಎಂಟು ವಾರ, ಅಂದರೆ 40 ಕೆಲಸದ ದಿನ. ಪರಿಚಯ ತರಬೇತಿಗೆ 5, ಡೇಟಾ ಕೈಗೆ ಬರುವವರೆಗಿನ ಕಾಯುವಿಕೆಗೆ 5, ನಡುವಿನ ರಿವ್ಯೂಗೆ 2, ಕೊನೆಯ ಪ್ರೆಸೆಂಟೇಶನ್ ತಯಾರಿಗೆ 5 ಕಳೆಯಿರಿ. ನಿಜವಾದ ಕೆಲಸಕ್ಕೆ ಉಳಿಯುವುದು 23 ದಿನ. ಇಂಟರ್ನ್‌ಶಿಪ್ ಚೆನ್ನಾಗಿತ್ತೋ ಇಲ್ಲವೋ ಎಂಬುದು ಈ 23 ದಿನಗಳ ಮೇಲೆ ನಿಂತಿದೆ. ಅವು ಹೇಗೆ ಕಳೆಯುತ್ತವೆ ಎಂಬುದನ್ನು ತೀರ್ಮಾನಿಸುವುದು ಕಂಪನಿಯ ಹೆಸರಲ್ಲ, ಮೊದಲ ವಾರ ಕೈಗೆ ಕೊಡುವ, ಪ್ರಾಜೆಕ್ಟಿನಲ್ಲಿ ಏನು ಮಾಡಬೇಕೆಂದು ಹೇಳುವ ಒಂದು ಪುಟದ ಬ್ರೀಫ್.

ಪರಿಚಯ ತರಬೇತಿಗೆ ಪೂರ್ಣ ಅಂಕ ಕೊಡಬಹುದು. ಕಾರ್ಖಾನೆ ಭೇಟಿ, ಉತ್ಪನ್ನಗಳ ಪಾಠ, ಹಿರಿಯರೊಂದಿಗೆ ಮಾತುಕತೆ, ಲ್ಯಾಪ್‌ಟಾಪ್, ಗುರುತಿನ ಚೀಟಿ ಎಲ್ಲವೂ ಅಚ್ಚುಕಟ್ಟು. ಎಡವುವುದು ಡೇಟಾ ವಿಷಯದಲ್ಲಿ. ಮಾರಾಟದ ಅಂಕಿಅಂಶ ಸಿಗಬೇಕಾದರೆ ಗೈಡ್ (ನಿಮ್ಮ ಪ್ರಾಜೆಕ್ಟ್ ನೋಡಿಕೊಳ್ಳುವ ಕಂಪನಿಯ ಅಧಿಕಾರಿ), ಡೇಟಾದ ಹೊಣೆ ಹೊತ್ತ ವಿಭಾಗ, ಐಟಿ ಹೀಗೆ ಮೂರು ಕಡೆ ಒಪ್ಪಿಗೆ ಬೇಕು. ಯಾರಾದರೊಬ್ಬರು ರಜೆಯಲ್ಲಿದ್ದರೆ ಒಂದು ವಾರ ಹೋದಂತೆಯೇ. ಆದ್ದರಿಂದ ಮೊದಲ ದಿನವೇ ಬರಹದಲ್ಲಿ ಕೇಳಿ: ಯಾವ ಉತ್ಪನ್ನ, ಯಾವ ಪ್ರದೇಶ, ಎಷ್ಟು ತಿಂಗಳು, ಅಂಗಡಿವಾರು ಬೇಕೋ ವಿತರಕವಾರು ಸಾಕೋ. ‘ಮಾರಾಟದ ಡೇಟಾ ಕೊಡಿ’ ಎಂದಷ್ಟೇ ಕೇಳಿದರೆ ಆ ಮನವಿ ಒಂದೆರಡು ಪ್ರಶ್ನೆ ಹೊತ್ತು ನಿಮ್ಮ ಬಳಿಗೇ ವಾಪಸ್ ಬರುತ್ತದೆ. ಪೂರ್ತಿ ಫೈಲ್ ತಡವಾಗುವುದಾದರೆ 100 ಸಾಲಿನ ಮಾದರಿ ಕೇಳಿ ಪಡೆಯಿರಿ. ಯಾವ ಕಾಲಂನಲ್ಲಿ ಏನಿದೆ ಎಂದು ತಿಳಿಯಲು ಅಷ್ಟು ಸಾಕು.

ಇನ್ನು ಬ್ರೀಫ್. ‘ಯುವಜನರಲ್ಲಿ ಬ್ರ್ಯಾಂಡ್ ಬೆಳೆಸಲು ತಂತ್ರ ರೂಪಿಸಿ’ ಎಂಬ ಬ್ರೀಫ್ ಕೇಳಲು ಚೆಂದ, ಆದರೆ ಅದು ಕೆಲಸಕ್ಕೆ ಬಾರದು. ಇದಕ್ಕೆ ಯಾರ ಉತ್ತರವೂ ತಪ್ಪಾಗುವುದಿಲ್ಲ, ಹಾಗಾಗಿ ಯಾರ ಉತ್ತರವೂ ಜಾರಿಗೆ ಬರುವುದಿಲ್ಲ. ಗೈಡ್ ಎದುರು ಕೂತು ಸ್ಪಷ್ಟಪಡಿಸಿಕೊಳ್ಳಬೇಕಾದ ಸಂಗತಿಗಳು ಇವು: ಇದರಿಂದ ಯಾವ ತೀರ್ಮಾನ ಹೊರಬರಬೇಕು, ಆ ತೀರ್ಮಾನ ಯಾರ ಕೈಯಲ್ಲಿದೆ, ಯಾವ ಸಂಖ್ಯೆ ಬದಲಾಗಬೇಕು, ಯಾವುದು ಈ ಪ್ರಾಜೆಕ್ಟಿನ ಹೊರಗೆ. ಕೊನೆಯದನ್ನು ಕೇಳಲು ಬಹಳಷ್ಟು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಹೊರಗಿಡಬೇಕಾದ್ದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಐದನೇ ವಾರ ‘ಆನ್‌ಲೈನ್ ಮಾರಾಟವನ್ನೂ ಸ್ವಲ್ಪ ನೋಡಿಬಿಡಿ’ ಎಂಬ ಮಾತು ಬಂದೇ ಬರುತ್ತದೆ.

ಕೆಲಸಕ್ಕೆ ಬರುವ ಬ್ರೀಫ್ ಹೀಗಿರುತ್ತದೆ: ‘ಸಣ್ಣ ಪ್ಯಾಕ್‌ನ ಮಾರಾಟ ಇಳಿದಿದೆ. ಅದನ್ನು ಇಡುವ ಅಂಗಡಿಗಳೇ ಕಡಿಮೆಯಾದವೋ, ಇಟ್ಟ ಅಂಗಡಿಗಳಲ್ಲಿ ಕಡಿಮೆ ಹೋಗುತ್ತಿದೆಯೋ? ಯಾವುದನ್ನು ಮೊದಲು ಸರಿಪಡಿಸಬೇಕು?’ ಒಟ್ಟು ಮಾರಾಟ ಎಂದರೆ ಅಂಗಡಿಗಳ ಸಂಖ್ಯೆಯನ್ನು ಒಂದು ಅಂಗಡಿಯ ಸರಾಸರಿ ಮಾರಾಟದಿಂದ ಗುಣಿಸಿದ ಮೊತ್ತ. ಯಾವ ಅಂಶ ಕುಸಿದಿದೆ ಎಂದು ತಿಳಿದರೆ ಅರ್ಧ ಪ್ರಾಜೆಕ್ಟ್ ಮುಗಿದಂತೆ. ಇಲ್ಲಿ ಎರಡು ಅಳತೆಗಳ ವ್ಯತ್ಯಾಸ ಗೊತ್ತಿರಲೇಬೇಕು. 100 ಅಂಗಡಿಗಳ ಪೈಕಿ 40ರಲ್ಲಿ ಉತ್ಪನ್ನ ಸಿಗುತ್ತಿದ್ದರೆ ನ್ಯೂಮರಿಕ್ ಡಿಸ್ಟ್ರಿಬ್ಯೂಶನ್ ಶೇ 40. ಆ ಬಗೆಯ ಸರಕಿನ ಒಟ್ಟು ವಹಿವಾಟಿನಲ್ಲಿ ಶೇ 70ರಷ್ಟು ಈ 40 ಅಂಗಡಿಗಳಲ್ಲೇ ನಡೆಯುತ್ತಿದ್ದರೆ ವೆಯ್ಟೆಡ್ ಡಿಸ್ಟ್ರಿಬ್ಯೂಶನ್ ಶೇ 70. ಮೊದಲನೆಯದನ್ನಷ್ಟೇ ನೋಡಿ ‘ಇನ್ನೂ 60 ಅಂಗಡಿಗೆ ಹೋಗಬೇಕು’ ಎಂದು ಶಿಫಾರಸು ಮಾಡಿದರೆ, ಆ 60ರಲ್ಲಿ ವಹಿವಾಟೇ ತೆಳುವೆಂದು ಮಾರಾಟ ವಿಭಾಗದವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಕಂಪನಿಯಿಂದ ವಿತರಕನಿಗೆ ಹೋದದ್ದು ಪ್ರೈಮರಿ ಮಾರಾಟ, ವಿತರಕನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಸುಲಭವಾಗಿ ಸಿಗುವುದು ಪ್ರೈಮರಿಯ ಅಂಕಿ. ಆದರೆ ತಿಂಗಳ ಕೊನೆಯಲ್ಲಿ, ಅದರಲ್ಲೂ ತ್ರೈಮಾಸಿಕದ ಕೊನೆಯಲ್ಲಿ ಗುರಿ ಮುಟ್ಟಲು ವಿತರಕನ ಗೋದಾಮಿಗೆ ಸರಕು ತುಂಬುವುದುಂಟು. ಆಗ ಪ್ರೈಮರಿ ಗೆರೆ ಏರುತ್ತದೆ, ಮುಂದಿನ ತಿಂಗಳು ಬೀಳುತ್ತದೆ. ಇದನ್ನು ಗ್ರಾಹಕರ ಬೇಡಿಕೆಯ ಏರಿಳಿತವೆಂದು ಓದಿದರೆ ಅದರ ಮೇಲೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಬೇಡಿಕೆಯ ಬಗ್ಗೆ ಮಾತಾಡುವುದಾದರೆ ಸೆಕೆಂಡರಿ ಅಂಕಿಯನ್ನೇ ಪಟ್ಟು ಹಿಡಿದು ಕೇಳಿ, ಜೊತೆಗೆ ವಿತರಕನ ಬಳಿ ಉಳಿದ ದಾಸ್ತಾನನ್ನೂ.

ಮಾರುಕಟ್ಟೆ ಸುತ್ತಾಟ ಈ ಸೇವೆಯ ಅತ್ಯುತ್ತಮ ಭಾಗ. ಯಾವ ತರಗತಿಯೂ ಇದನ್ನು ಕೊಡಲಾರದು. ಎಚ್ಚರ ವಹಿಸಬೇಕಾದ್ದು ಅಂಗಡಿಗಳ ಆಯ್ಕೆಯಲ್ಲಿ. ಸೇಲ್ಸ್‌ಮನ್ ಕರೆದೊಯ್ದ ಅಂಗಡಿಗಳಿಗೆ ಮಾತ್ರ ಹೋದರೆ ಎಲ್ಲೆಡೆ ಒಳ್ಳೆಯ ಮಾತೇ ಕೇಳಿಸುತ್ತದೆ, ಏಕೆಂದರೆ ಅವನು ಸಂಬಂಧ ಚೆನ್ನಾಗಿರುವ ಕಡೆಗೇ ಕರೆದೊಯ್ಯುತ್ತಾನೆ. ವಿತರಕನ ಪೂರ್ಣ ಪಟ್ಟಿಯಿಂದ ನೀವೇ ಚೀಟಿ ಎತ್ತಿದಂತೆ ಆರಿಸಿ. ಕಳೆದ ಆರು ತಿಂಗಳಲ್ಲಿ ಆರ್ಡರ್ ನಿಲ್ಲಿಸಿದ ಅಂಗಡಿಗಳೂ ಅದರಲ್ಲಿರಲಿ. ಪ್ರಶ್ನೆಗಳು ನಡೆದುಹೋದ ಸಂಗತಿಯ ಮೇಲಿರಲಿ. ‘ಬೆಲೆ ಇಳಿಸಿದರೆ ಹೆಚ್ಚು ತರಿಸುತ್ತೀರಾ?’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ‘ಕೊನೆಯ ಸಲ ಯಾವಾಗ ತರಿಸಿದಿರಿ, ಎಷ್ಟು, ಖಾಲಿಯಾಗಲು ಎಷ್ಟು ದಿನ ಹಿಡಿಯಿತು?’ ಎಂದರೆ ಲೆಕ್ಕ ಸಿಗುತ್ತದೆ.

ಎಕ್ಸೆಲ್ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ದೇಶಗಳ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಕುರಿತು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧದ ಶೀಟ್‌ನಲ್ಲಿ ಸರಾಸರಿಯ ಸೂತ್ರ ಐದು ದೇಶಗಳನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ಅದನ್ನು ಪತ್ತೆಹಚ್ಚಿದ್ದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ಂಡನ್. 2020ರಲ್ಲಿ ಇಂಗ್ಲೆಂಡಿನ ಸುಮಾರು 16,000 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋಗಲು ಹಳೆಯ ಎಕ್ಸೆಲ್ ಫೈಲ್ ಮಾದರಿಯ 65,536 ಸಾಲುಗಳ ಮಿತಿ ಕಾರಣವಾಗಿತ್ತು. ಇಂಟರ್ನ್‌ಗಳ ಶೀಟ್‌ಗಳಲ್ಲಿ ಮತ್ತೆಮತ್ತೆ ಕಾಣುವುದು ವಿ-ಲುಕಪ್ (VLOOKUP) ತಪ್ಪು, ಅಂದರೆ ಕೋಡ್ ಕೊಟ್ಟರೆ ಪಟ್ಟಿಯಿಂದ ಅದರ ಸಂಖ್ಯೆ ಹುಡುಕಿ ತರುವ ಸೂತ್ರದ ತಪ್ಪು. ಆ ಸೂತ್ರದ ನಾಲ್ಕನೇ ಭಾಗವನ್ನು ಬರೆಯದೇ ಬಿಟ್ಟರೆ ಎಕ್ಸೆಲ್ ಅಂದಾಜು ಹೊಂದಿಕೆ ಹುಡುಕುತ್ತದೆ. ಅಂಗಡಿ ಕೋಡ್‌ಗಳು ಏರಿಕೆ ಕ್ರಮದಲ್ಲಿಲ್ಲದಿದ್ದರೆ ಬೇರೆ ಅಂಗಡಿಯ ಸಂಖ್ಯೆ ಬಂದು ಕೂರಬಹುದು, ಎಚ್ಚರಿಕೆಯೂ ಬರುವುದಿಲ್ಲ. ಅಲ್ಲಿ ಸೊನ್ನೆ ಹಾಕಿ. ಕೋಡ್‌ನ ಮುಂದಿನ ಸೊನ್ನೆಗಳು ಅಳಿಸಿಹೋಗಿವೆಯೇ, ಒಂದು ಫೈಲಿನಲ್ಲಿ ಕೋಡ್ ಪಠ್ಯವಾಗಿ ಇನ್ನೊಂದರಲ್ಲಿ ಸಂಖ್ಯೆಯಾಗಿ ಇದೆಯೇ ನೋಡಿ. ಲೆಕ್ಕ ಮುಗಿದಾಗ ನಿಮ್ಮ ಒಟ್ಟು ಮೊತ್ತ ಕಂಪನಿಯ ಮಾಸಿಕ ವರದಿಯ ಮೊತ್ತಕ್ಕೆ ತಾಳೆಯಾಗಬೇಕು. ಆಗದಿದ್ದರೆ ಒಂದು ಸ್ಲೈಡ್ ಕೂಡ ಮಾಡಬೇಡಿ.

ನಾಲ್ಕನೇ ವಾರದ ರಿವ್ಯೂಗೆ ಅರ್ಧ ಬೆಂದ ಉತ್ತರವನ್ನೇ ಒಯ್ಯಿರಿ. ಎಲ್ಲ ಮುಗಿಸಿ ಕೊನೆಗೆ ತೋರಿಸುತ್ತೇನೆಂದು ಮುಚ್ಚಿಟ್ಟುಕೊಂಡವರಿಗೆ ದಾರಿ ತಪ್ಪಿದ್ದು ತಿಳಿಯುವುದು ತಿದ್ದಲು ಸಮಯವಿಲ್ಲದಾಗ. ಫೈನಾನ್ಸ್‌ನವರು ಕೇಳುವುದು ಮಾರಾಟವಲ್ಲ, ಲಾಭ. ಹೊಸ ಪ್ಯಾಕ್ 100 ಹೋಗುತ್ತದೆ, ಒಂದಕ್ಕೆ 4 ರಂತೆ ಲಾಭ 400 ಎಂದು ನೀವು ಹೇಳುತ್ತೀರಿ ಎನ್ನಿ. ಆ 100ರಲ್ಲಿ 60 ಮಂದಿ ಹಳೆಯ ಪ್ಯಾಕ್ ಬಿಟ್ಟು ಬಂದವರು, ಹಳೆಯದರಲ್ಲಿ ಲಾಭ ತಲಾ 6. ಅಲ್ಲಿ ಕಳೆದುಕೊಂಡದ್ದು 360. ಕೈಯಲ್ಲಿ ಉಳಿದದ್ದು 40, ಅದೂ ಜಾಹೀರಾತಿನ ಖರ್ಚಿಗೆ ಮುಂಚೆ. ಈ ಲೆಕ್ಕ ನೀವೇ ಮೊದಲು ತೋರಿಸಿದರೆ ಕೊಠಡಿಯಲ್ಲಿ ನಿಮ್ಮ ಮಾತಿನ ತೂಕ ಬೇರೆಯಾಗುತ್ತದೆ.

ಗೈಡ್‌ಗಳ ವಿಚಾರಕ್ಕೆ ಸರಾಸರಿ ಅಂಕವಷ್ಟೇ. ಒಳ್ಳೆಯವರಿದ್ದಾರೆ, ಸಮಯವಿಲ್ಲ. ವಾರಕ್ಕೆ 30 ನಿಮಿಷವನ್ನು ಎಂಟೂ ವಾರಗಳಿಗೆ ಮೊದಲೇ ಕ್ಯಾಲೆಂಡರ್‌ನಲ್ಲಿ ಕಾದಿರಿಸಿ. ಪ್ರತಿ ವಾರದ ಕೊನೆಗೆ ಆದದ್ದು, ಆಗಬೇಕಾದದ್ದು, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಆರೇಳು ಸಾಲು ಬರೆದು ಕಳಿಸಿ. ನಡುವೆ ಗೈಡ್ ವರ್ಗವಾದರೆ ಹೊಸಬರಿಗೆ ತೋರಿಸಲು ಇದೊಂದೇ ದಾಖಲೆ.

ಕೊನೆಯ ಪ್ರೆಸೆಂಟೇಶನ್‌ಗೆ 20 ನಿಮಿಷ ಕೊಟ್ಟರೆ ಮಾತು 12ಕ್ಕೆ ಮುಗಿಯಬೇಕು. ಮಿಕ್ಕದ್ದು ಪ್ರಶ್ನೆಗಳಿಗೆ. ಶಿಫಾರಸು ಮೊದಲ ಸ್ಲೈಡ್‌ನಲ್ಲೇ ಇರಲಿ, ವಿಧಾನದ ವಿವರ ಕೊನೆಯ ಸ್ಲೈಡ್‌ಗಳಲ್ಲಿ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಹೆಚ್ಚುವರಿ ಸಿಬ್ಬಂದಿ ಬೇಕೆಂದು ಬರೆದ ಮೂರು ಪುಟದ ಟಿಪ್ಪಣಿಯೇ ಮುಂದೆ ಬ್ರ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ವ್ಯವಸ್ಥೆಗೆ ಬುನಾದಿಯಾಯಿತು. ಬ್ರ್ಯಾಂಡ್ ನೋಡಿಕೊಳ್ಳುವವರು ಏನೇನು ಮಾಡಬೇಕೆಂದು ಅದರಲ್ಲಿ ಒಂದೊಂದಾಗಿ ಬಿಡಿಸಿ ಹೇಳಿತ್ತು. ನಿಮ್ಮ ಶಿಫಾರಸೂ ಅಷ್ಟು ಸ್ಪಷ್ಟವಿರಲಿ: ಯಾರು, ಯಾವ ಅಂಗಡಿಗಳಲ್ಲಿ, ಯಾವ ತಿಂಗಳಿಂದ, ಎಷ್ಟು ಖರ್ಚಿನಲ್ಲಿ.

ಪೂರ್ಣಾವಧಿ ಕೆಲಸದ ಆಫರ್ ಸಿಗುತ್ತದೆಯೇ? ಪ್ರಾಜೆಕ್ಟ್ ಚೆನ್ನಾಗಿದ್ದರಷ್ಟೇ ಸಾಲದು. ಮುಂದಿನ ವರ್ಷಕ್ಕೆ ಆ ವಿಭಾಗಕ್ಕೆ ಎಷ್ಟು ಹುದ್ದೆ ಮಂಜೂರಾಗಿದೆ ಎಂಬುದು ಇಂಟರ್ನ್‌ನ ಕೈಯಲ್ಲಿಲ್ಲ. ಹಿಂದಿನ ವರ್ಷ ಎಷ್ಟು ಇಂಟರ್ನ್‌ಗಳಿದ್ದರು, ಎಷ್ಟು ಮಂದಿಗೆ ಆಫರ್ ಸಿಕ್ಕಿತು ಎಂದು ಸೇರುವ ಮೊದಲೇ ಎಚ್‌ಆರ್‌ಗೆ ಕೇಳುವುದು ತಪ್ಪಲ್ಲ. ಹಿಂದಿನ ಇಂಟರ್ನ್‌ಗಳ ಶಿಫಾರಸುಗಳಲ್ಲಿ ಯಾವುದು ಜಾರಿಯಾಯಿತು ಎಂದೂ ಕೇಳಿ. ಒಂದು ಉದಾಹರಣೆಯೂ ಸಿಗದಿದ್ದರೆ ಅಲ್ಲಿನ ಪ್ರಾಜೆಕ್ಟ್‌ಗಳು ಅಭ್ಯಾಸದ ಪಾಠಗಳೆಂದೇ ತಿಳಿದು ನಿರ್ಧರಿಸಿ. ಅಂಥ ಕಡೆಗಿಂತ, ಮಾಲೀಕರ ಪಕ್ಕದಲ್ಲೇ ಕೂತು ಬೆಲೆ ನಿಗದಿ ಮಾಡಲು ಬಿಡುವ ಸಣ್ಣ ಕಂಪನಿ ಎಷ್ಟೋ ವಾಸಿ.

ಹೊರಡುವಾಗ ಯಾವ ಫೈಲನ್ನೂ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಸಹಿ ಹಾಕಿದ ಗೋಪ್ಯತಾ ಒಪ್ಪಂದ ಆ ದಿನದ ನಂತರವೂ ಜಾರಿಯಲ್ಲಿರುತ್ತದೆ. ರೆಸ್ಯೂಮೆಯಲ್ಲಿ ಏನು ಬರೆಯಬಹುದೆಂದು ಎರಡು ಸಾಲು ಸಿದ್ಧಪಡಿಸಿ ಗೈಡ್‌ಗೆ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ನಿಜವಾದ ಮಾರಾಟದ ಅಂಕಿ ಹಾಕುವಂತಿಲ್ಲವೆಂದರೆ, ಮೊದಲ ತಿಂಗಳನ್ನು 100 ಎಂದಿಟ್ಟು ಕೊನೆಯ ತಿಂಗಳು ಎಷ್ಟಾಯಿತು ಎಂದು ಸೂಚ್ಯಂಕದಲ್ಲಿ ಹೇಳಲು ಅನುಮತಿ ಕೇಳಿ.