ಜರ್ಮನಿ, ದುಬೈ, ಇಂಗ್ಲೆಂಡ್: ಹತ್ತು ವರ್ಷ ಓದಿ ದುಡಿದ ಮೇಲೆ ನನ್ನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಜರ್ಮನಿ. ಅಲ್ಲೇ ನನಗೆ ದೊಡ್ಡ ಪೆಟ್ಟು ಬಿದ್ದಿದ್ದು, ಆದರೂ ಜರ್ಮನಿಯೇ.

2014ರ ಅಕ್ಟೋಬರ್‌ನಲ್ಲಿ ಬಾಗಲಕೋಟೆಯ ನವನಗರದಿಂದ ಹೊರಟವಳು 2024ರ ಕೊನೆಗೆ ವಾಪಸ್ ಬಂದೆ. ಜರ್ಮನಿಯಲ್ಲಿ ಐದು ವರ್ಷದ ಮೇಲೆ, ದುಬೈಯಲ್ಲಿ ಎರಡೂವರೆ, ಇಂಗ್ಲೆಂಡ್‌ನಲ್ಲಿ ಎರಡು ಚಿಲ್ಲರೆ. ಈಗ ನಮ್ಮ ಕಾಕಾನ ಮಗ ಎಂಎಸ್ ಮಾಡಲು ಹೊರಟಿದ್ದಾನೆ. "ಅಕ್ಕಾ, ಯಾವ ದೇಶ ಚಲೋ ಹೇಳು" ಅಂತ ದಿನಾ ಕೇಳುತ್ತಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಹೈಸ್ಕೂಲ್ ಮಾಸ್ತರ್. ಬ್ಯಾಂಕಿನಲ್ಲಿ ಸಿಕ್ಕ ಸಾಲ 7 ಲಕ್ಷ. ಅಷ್ಟರಲ್ಲಿ ಇಂಗ್ಲೆಂಡ್‌ನ ಒಂದು ವರ್ಷದ ಫೀ ಕೂಡ ಆಗುತ್ತಿರಲಿಲ್ಲ. ಜೊತೆಗೆ ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕುವ ವೀಸಾವನ್ನು ಅವರು 2012ರಲ್ಲೇ ನಿಲ್ಲಿಸಿದ್ದರು. ಮತ್ತೆ ಶುರುವಾಗಿದ್ದು 2021ರ ಜುಲೈಯಲ್ಲಿ. ಜರ್ಮನಿಯಲ್ಲಿ ನಾನು ಓದಿದ ಡಾರ್ಟ್‌ಮುಂಡ್ ಕಡೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀ ಇಲ್ಲ. ಸೆಮಿಸ್ಟರ್‌ಗೆ ಒಂದಿಷ್ಟು ಕಟ್ಟಿದರೆ ಆ ರಾಜ್ಯದ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತಿತ್ತು. ಎಲ್ಲಾ ಕಡೆ ಹೀಗಿಲ್ಲ, ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ, ಅರ್ಜಿ ಹಾಕುವ ಮುಂಚೆ ನೋಡಿಕೊಳ್ಳಿ. ಖರ್ಚಿಗೆ ಇದೆ ಅಂತ ತೋರಿಸಲು ಬ್ಲಾಕ್ಡ್ ಅಕೌಂಟಿನಲ್ಲಿ ಈಗ 11,904 ಯೂರೋ ಇಡಬೇಕು. ನನ್ನ ಕಾಲಕ್ಕೆ ಇದಕ್ಕಿಂತ ಕಡಿಮೆ ಇತ್ತು. ಆದರೆ ಅದು ಫೀ ಅಲ್ಲ, ನಮ್ಮದೇ ರೊಕ್ಕ, ತಿಂಗಳು ತಿಂಗಳು ನಮ್ಮ ಕೈಗೇ ಬರುತ್ತದೆ.

ಇನ್ನು ಆ ಪೆಟ್ಟಿನ ವಿಷಯ.

ಜರ್ಮನಿಯಲ್ಲಿ ಮನೆ ಬದಲಿಸಿದರೆ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. 2015ರ ನವೆಂಬರ್‌ನಿಂದ ಇದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಹಾಳೆಯೂ ಬೇಕು. ಹಾಸ್ಟೆಲಿನಲ್ಲಿದ್ದಾಗ ಎಲ್ಲ ಅವರೇ ಮಾಡಿಕೊಡುತ್ತಿದ್ದರು, ಹಾಗಾಗಿ ನಾನು ಇದರ ಬಗ್ಗೆ ತಲೆ ಕೆಡಿಸಿಕೊಂಡಿರಲೇ ಇಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಕ್ಕಿತು. 2018ರ ಜನವರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸವೂ ಸಿಕ್ಕಿತು. ಮನೆ ಮಾತ್ರ ಸಿಗಲಿಲ್ಲ. ಕಡೆಗೆ ಒಬ್ಬ ತನ್ನ ಬಾಡಿಗೆ ಮನೆಯ ಒಂದು ರೂಮು ಕೊಟ್ಟ. ಬಾಡಿಗೆ ಕಡಿಮೆ, ಆಫೀಸಿಗೆ ಹತ್ತಿರ, ಖುಷಿಯಿಂದ ಸಾಮಾನು ಇಳಿಸಿದೆ. ಹಾಳೆಗೆ ಸಹಿ ಕೇಳಿದಾಗ ಆಗಲ್ಲ ಅಂದ. ಮಾಲೀಕರಿಗೆ ಹೇಳದೆ ಕೊಟ್ಟಿದ್ದನಂತೆ.

ಒಂದು ಹಾಳೆ ತಾನೇ ಅನ್ನಿಸಬಹುದು. ಆದರೆ ಆ ಹಾಳೆ ಇಲ್ಲದೆ ನೋಂದಣಿ ಇಲ್ಲ. ಆ ಊರಿನಲ್ಲಿ ನೋಂದಣಿ ಇಲ್ಲದೆ ಅಲ್ಲಿಯ ವಿದೇಶಿಯರ ಕಚೇರಿ ನನ್ನ ಫೈಲ್ ಮುಟ್ಟುವುದಿಲ್ಲ, ಫೈಲ್ ಮುಟ್ಟದೆ ಬ್ಲೂ ಕಾರ್ಡ್, ಅಂದರೆ ಡಿಗ್ರಿ ಇದ್ದ ವಿದೇಶಿಯರಿಗೆ ಅಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ, ಇಲ್ಲ. ಹಳೇ ಪರವಾನಗಿಯ ಮೇಲೇ ಕೆಲಸ ಮಾಡಬಹುದಿತ್ತು, ಸಂಬಳ ಬರುತ್ತಿತ್ತು, ತೆರಿಗೆ ಕಟ್ಟುತ್ತಿದ್ದೆ, ಹಾಗಾಗಿ ಸುಮ್ನೆ ಇದ್ದೆ. ಬೇರೆ ಮನೆ ಹುಡುಕಿ, ನೋಂದಾಯಿಸಿ, ಕಾರ್ಡ್ ಕೈಗೆ ಬರುವಷ್ಟರಲ್ಲಿ ಮೇ ತಿಂಗಳು.

ಇದರ ಬೆಲೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. ಅಲ್ಲೇ ಡಿಗ್ರಿ ಮಾಡಿದವರಿಗೆ ಎರಡು ವರ್ಷದ ಕೆಲಸಕ್ಕೆ ಕಾಯಂ ವಾಸದ ಪರವಾನಗಿ ಸಿಗುತ್ತಿತ್ತು. 2020ರ ಜನವರಿಯಲ್ಲಿ ಎಲ್ಲ ಕಾಗದ ಜೋಡಿಸಿಕೊಂಡು ಹೋದೆ. ಅಧಿಕಾರಿ ಮರ್ಯಾದೆಯಿಂದಲೇ ಹೇಳಿದರು: ಲೆಕ್ಕ ಶುರುವಾಗುವುದು ಕಾರ್ಡ್ ಬಂದ ದಿನದಿಂದ, ಅದಕ್ಕೂ ಮುಂಚಿನ ನಾಲ್ಕು ತಿಂಗಳು ಬರಲ್ಲ, ಮೇ ತಿಂಗಳಿಗೆ ಬನ್ನಿ. ಅದೇ ವಾರ ಬೆಳಗಾವಿಯಲ್ಲಿ ಅಪ್ಪನ ಹೃದಯದ ಆಪರೇಶನ್ ಆಯಿತು. ಸಾಲದ ಮೇಲೆ ಸಾಲ. ದುಬೈಯ ಕೆಲಸ ಕೈಯಲ್ಲಿತ್ತು, ಫೆಬ್ರವರಿಯಲ್ಲೇ ಸೇರಬೇಕಿತ್ತು. ಸೇರಿದೆ. ನಾಲ್ಕು ತಿಂಗಳು ಕಡಿಮೆ ಬಿದ್ದಿತ್ತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಾವು ಮನೆ ಬದಲಿಸಿದ ಜನವೇ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಮನೆ ಹೋಗಿ, ನವನಗರದ ಸೆಕ್ಟರಿಗೆ ಬಂದಾಗ ನಾನಿನ್ನೂ ಸಣ್ಣವಳು. ಪರಿಹಾರದ ಕಾಗದ, ನಿವೇಶನದ ಪತ್ರ ಎಲ್ಲ ಅಪ್ಪ ಒಂದು ಟ್ರಂಕಿನಲ್ಲಿ ಇಟ್ಟಿದ್ದರು. "ಮನಿ ಮುಳುಗಿದ್ರೂ ಕಾಗದ ಮುಳುಗಬಾರದವ್ವಾ" ಅನ್ನುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದೂ ಒಂದು ಹಾಳೆಯನ್ನು ಹಗುರವಾಗಿ ತೆಗೆದುಕೊಂಡೆ.

ದುಬೈ: ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಅಷ್ಟೇ ಸಾಕು. ಆಪರೇಶನ್ ಸಾಲ, ಓದಿನ ಸಾಲ ಎರಡೂ 14 ತಿಂಗಳಲ್ಲಿ ತೀರಿದವು. ಜರ್ಮನಿಯಲ್ಲಿದ್ದರೆ ಮೂರು ವರ್ಷ ಹಿಡಿಯುತ್ತಿತ್ತು. ಜೋಳದ ಹಿಟ್ಟು ಅಂಗಡಿಯಲ್ಲೇ ಸಿಗುತ್ತಿತ್ತು, ಜರ್ಮನಿಗೆ ಊರಿಂದ ಹೊತ್ತುಕೊಂಡು ಹೋಗುತ್ತಿದ್ದೆ. ಬಿಸಿಲಿಗೆ ನಮ್ಮ ಕಡೆಯವರು ಹೆದರಬೇಕಿಲ್ಲ, ಸಮುದ್ರದ ಸೆಕೆ ಮಾತ್ರ ಬೇರೆ ಥರ. ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು.

ಆದರೆ ವೀಸಾ ಕಂಪನಿಯ ಕೈಯಲ್ಲಿ. ನಾನು ಹೋದ ಮರುತಿಂಗಳೇ ಕೊರೋನಾ ಬಂತು. ಪಕ್ಕದ ಟೇಬಲ್ಲಿನ ಹುಡುಗನ ಕೆಲಸ ಹೋಯಿತು. ಆಗ ವೀಸಾ ರದ್ದಾದರೆ ಇದ್ದ ಗಡುವು 30 ದಿನ. ಐದು ವರ್ಷದಿಂದ ಅಲ್ಲೇ ಇದ್ದವನು, ಮಗಳು ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ಅವನು ಟೇಬಲ್ ಖಾಲಿ ಮಾಡಿದ ದಿನವೇ ಇಲ್ಲಿ ಜಾಸ್ತಿ ದಿನ ಇರಬಾರದು ಅಂತ ಮನಸ್ಸಿಗೆ ಬಂದಿತ್ತು.

ಇಂಗ್ಲೆಂಡ್‌ಗೆ ಹೋಗಿದ್ದು ಭಾಷೆಗಾಗಿ. ಡಾಕ್ಟರ ಹತ್ತಿರ ನೋವು ಎಲ್ಲಿ ಅಂತ ತಡವರಿಸದೆ ಹೇಳಬಹುದಲ್ವಾ, ಅದು ಸಣ್ಣದಲ್ಲ. ಆದರೆ ಆ ಡಾಕ್ಟರನ್ನು ನೋಡುವ ಮುಂಚೆಯೇ, ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್ಚಾರ್ಜ್ ಕಟ್ಟಬೇಕು, ನಾನು ಕಟ್ಟಿದಾಗ ವರ್ಷಕ್ಕೆ 624 ಪೌಂಡ್, ಮೂರು ವರ್ಷದ್ದು ಒಟ್ಟಿಗೆ 1,872. 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ 1,035 ಆಗಿದೆ. ನಾನಿದ್ದ ಲಂಡನ್ನಿನ ಕ್ರಾಯ್ಡನ್‌ನ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ರೈಲಿನ ಖರ್ಚು ಕಳೆದರೆ ತಿಂಗಳ ಕೊನೆಗೆ ಉಳಿಯುತ್ತಿದ್ದುದು ಜರ್ಮನಿಯ ಅರ್ಧ.

ಒಂದನ್ನು ಮಾತ್ರ ಅಲ್ಲಿಂದ ಮರೆಯಲಾರೆ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾಗಿದ್ದು. ಊರಲ್ಲಿದ್ದಾಗ ಕೂಡಲಸಂಗಮಕ್ಕೆ ಹೋಗಿ ಕೃಷ್ಣಾ, ಮಲಪ್ರಭಾ ಕೂಡುವಲ್ಲಿ ಕೂರುತ್ತಿದ್ದೆವು. ಅಲ್ಲಿ ಭಾನುವಾರ ಆ ಪ್ರತಿಮೆಯ ಹತ್ತಿರ ಕೂತು ಅವ್ವನಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅವ್ವ ಆ ಕಡೆಯಿಂದ ಕೈಮುಗಿಯುತ್ತಿದ್ದಳು.

ಹಾಗಾದರೆ ಯಾಕೆ ಜರ್ಮನಿ? ಕೈಯಲ್ಲಿ ರೊಕ್ಕ ಕಡಿಮೆ ಇದ್ದವರಿಗೆ ಅದೊಂದೇ ಬಾಗಿಲು ತೆರೆದಿತ್ತು. ನಾನು ನಿಧಾನಕ್ಕೆ ಕೂಡಿಡುವವಳು, ಕಾರು ಬೇಡ, ಹೋಟೆಲ್ ಊಟ ಬೇಡ, ರೈಲಿದ್ದರೆ ಸಾಕು. ಭಾಷೆ ಕಲಿಯಲು ಬೇಜಾರಿಲ್ಲ. ಓದುವಾಗ ವರ್ಷಕ್ಕೆ 120 ಪೂರ್ತಿ ದಿನ ಕೆಲಸ ಮಾಡಲು ಬಿಡುತ್ತಿದ್ದರು, ಈಗ 140 ಆಗಿದೆ. ಬೇಕರಿಯಲ್ಲಿ ದುಡಿದೇ ಜರ್ಮನ್ ಕಲಿತೆ, ಅಲ್ಲಿಯ ಅಜ್ಜಿಯರು ತಪ್ಪು ತಿದ್ದಿ ಬ್ರೆಡ್ ತೆಗೆದುಕೊಂಡು ಹೋಗುತ್ತಿದ್ದರು. ತಲೆಯ ಮೇಲೆ ಸಾಲ ಇದೆ, ಎರಡು ಮೂರು ವರ್ಷ ದುಡಿದು ಬರುತ್ತೇನೆ ಅನ್ನುವವರಿಗೆ ದುಬೈ ಸರಿ. ಮನೆಯಲ್ಲಿ ಅನುಕೂಲ ಇದ್ದು, ಒಂದೇ ವರ್ಷದಲ್ಲಿ ಓದು ಮುಗಿಯಬೇಕು ಅನ್ನುವವರು ಇಂಗ್ಲೆಂಡ್ ನೋಡಲಿ.

ಕಾಕಾನ ಮಗ ಜರ್ಮನಿ ಅಂತಲೇ ನಿರ್ಧಾರ ಮಾಡಿದ್ದಾನೆ. 2022ರ ನವೆಂಬರ್‌ನಿಂದ ನಮ್ಮ ದೇಶದ ವಿದ್ಯಾರ್ಥಿಗಳಿಗೆ ಓದಿನ ಕಾಗದಗಳು ಅಸಲಿ ಅಂತ ಹೇಳುವ ಎಪಿಎಸ್ ಪ್ರಮಾಣಪತ್ರವೂ ಬೇಕು, ಅದರ ಅರ್ಜಿ ಹೋಗಿದೆ. ರೂಮು ನೋಡುವಾಗ ಬಾಡಿಗೆ ಕೇಳುವ ಮುಂಚೆ ನೋಂದಣಿಯ ಹಾಳೆಗೆ ಸಹಿ ಮಾಡಿಕೊಡುತ್ತೀರಾ ಅಂತ ಕೇಳು ಅಂದಿದ್ದೇನೆ. ಆ ಪ್ರಶ್ನೆಯನ್ನು ಜರ್ಮನ್‌ನಲ್ಲಿ ಬರೆದುಕೊಟ್ಟಿದ್ದೇನೆ, ಬಾಯಿಪಾಠ ಮಾಡುತ್ತಿದ್ದಾನೆ.